ಬಳಿ, ಪಕ್ಕ, ಮಗ್ಗುಲು

ನಮ್ಮೂರಿನಲ್ಲಿ ಬರೀ ಕಾಲಿನ ಬಲದಿಂದ ಯಾರೂ ಯಾರ ಹತ್ತಿರಕ್ಕೂ ಹೋಗಲಾರರು. ಬಾಯಿಯೂ ಬೇಕು. ಬಾವಿಗೆ ಹೋಗಬಹುದು, ಹುಣಸೆಮರದ ಬುಡಕ್ಕೆ ಹೋಗಬಹುದು, ಎಮ್ಮೆಯ ಬಾಲ ಹಿಡಿಯಬಹುದು, ಅದಕ್ಕೆಲ್ಲ ಅಡ್ಡಿಯಿಲ್ಲ. ಮನುಷ್ಯರ ಕಡೆಗೆ ಹೆಜ್ಜೆ ಹಾಕಿದಿರೋ, ಬರುತ್ತಿದ್ದೇನೆ ಎಂದು ಬಾಯಿ ಬಿಟ್ಟು ಹೇಳಬೇಕು, ಅದೂ ಆ ಮನುಷ್ಯರಿಗೆ ಸಲ್ಲುವ ಮಾತಿನಲ್ಲಿ. ಇಲ್ಲವಾದರೆ ಎಷ್ಟು ನಡೆದರೂ ನಡುವಿನ ದೂರ ಇದ್ದಷ್ಟೇ ಇರುತ್ತದೆ. ಹಿಂದೊಮ್ಮೆ ವಿಮೆ ಮಾಡಿಸುವ ಒಬ್ಬ ಪುಣ್ಯಾತ್ಮ ಬಸ್ಸಿಳಿದವನೇ ಚಹಾ ಅಂಗಡಿಯ ಹುಸೇನಣ್ಣನ ಕಡೆಗೆ ಬಿರಬಿರನೆ ಹೊರಟ. ಮಧ್ಯಾಹ್ನವಿಡೀ ನಡೆದ. ಬೂಟು ಸವೆಯಿತು, ಟೈ ಬಿಚ್ಚಿ ಜೇಬಿಗಿಟ್ಟ, ಹುಸೇನಣ್ಣ ಅಲ್ಲೇ ಇದ್ದ, ಇವನು ಇಲ್ಲೇ ಇದ್ದ. ಕೊನೆಗೆ ಸೋತು, ಅಳುವ ದನಿಯಲ್ಲಿ, "ಅಣ್ಣಾ, ಸ್ವಲ್ಪ ಹತ್ತಿರ ಬರ್ಲಾ?" ಎಂದದ್ದೇ ತಡ, ಮಧ್ಯಾಹ್ನದ ನಡಿಗೆಯೆಲ್ಲ ಒಟ್ಟಿಗೇ ಫಲ ಕೊಟ್ಟು, ಧಡ್ ಎಂದು ಹೋಗಿ ಹಾಲಿನ ಪಾತ್ರೆಗೆ ಮಂಡಿ ಹೊಡೆದುಕೊಂಡ. ಹುಸೇನಣ್ಣ ಚಹಾ ಕೊಟ್ಟು, "ಮೊದ್ಲೇ ಹೇಳ್ಬಾರ್ದಾ ಸಾಮಿ?" ಎಂದ.

ನಮಗೆ ಇದೊಂದು ಕಷ್ಟ ಎಂದು ಅನ್ನಿಸಿದ್ದೇ ಇಲ್ಲ. ಮಕ್ಕಳಿಗೆ ಹಲ್ಲು ಬರುವ ಮೊದಲೇ ಮಾತಿನ ಅಳತೆ ಗೊತ್ತಾಗುತ್ತದೆ. ಹತ್ತಿರ ಎನ್ನುವುದು ದಿನಬಳಕೆಯ ಮಾತು, ಕೈ ಚಾಚಿದರೆ ಸಿಗುವಷ್ಟು ದೂರಕ್ಕೆ ತಂದು ನಿಲ್ಲಿಸುತ್ತದೆ. ಸೊಪ್ಪು ಕೊಳ್ಳುವುದಕ್ಕೆ, ಬೆಂಕಿಪೊಟ್ಟಣ ಕೇಳುವುದಕ್ಕೆ, ಬೈಯುವುದಕ್ಕೆ ಅಷ್ಟು ಸಾಕು. ಸಮೀಪ ಎನ್ನುವುದು ಕಚೇರಿಯ ಮಾತು, ಮೇಜಿನ ಆಚೆ ನಿಲ್ಲಿಸಿಬಿಡುತ್ತದೆ, ಅಲ್ಲಿಂದ ಒಂದಂಗುಲವೂ ಮುಂದಕ್ಕೆ ಬಿಡುವುದಿಲ್ಲ. ಪಕ್ಕ ಎಂದರೆ ಹೆಗಲಿಗೆ ಹೆಗಲು, ಅದನ್ನು ಆಡಲು ಸಲಿಗೆ ಬೇಕು. ಮಗ್ಗುಲು ಗಂಡಹೆಂಡಿರಿಗೆ, ಜ್ವರ ಬಂದ ಮಕ್ಕಳ ತಾಯಂದಿರಿಗೆ. ಬಳಿ ಎನ್ನುವ ಮಾತನ್ನು ಹಾಡು ಹೇಳುವವರು ಬಿಟ್ಟರೆ ಬೇರೆಯವರು ಆಡುವುದು ಕಡಿಮೆ. ಸರಿಯಾಗಿ ಆಡಿದರೆ ಮುಡಿದ ಹೂವಿನ ವಾಸನೆ ಬರುವಷ್ಟು ದೂರಕ್ಕೆ ಹೋಗಬಹುದಂತೆ ಎಂದು ಕೇಳಿ ಬಲ್ಲೆನೇ ಹೊರತು ಹೋಗಿ ಬಲ್ಲವನಲ್ಲ.

ನನ್ನ ಹೆಸರು ಧರಣೇಂದ್ರ. ಪೇಟೆಬೀದಿಯ ಮೂಲೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಜನರನ್ನು ಹತ್ತಿರ ಮಾಡುವುದೇ ನನ್ನ ಕಸುಬು. ಹೊಸ ಜೋಡಿಗೆ "ಇನ್ನೊಂಚೂರು ಜರುಗಿ" ಎನ್ನಬೇಕು. ಮುನಿಸಿಕೊಂಡ ಅಪ್ಪ ಮಕ್ಕಳಿಗೆ "ಹೆಗಲು ತಾಗ್ಲಿ" ಎನ್ನಬೇಕು. ಅತ್ತೆ ಸೊಸೆಯರಾದರೆ ಮೊದಲು ಇಬ್ಬರಿಗೂ ಕಾಫಿ ಕೊಟ್ಟು, ಕಾಫಿ ಕುಡಿಯುವಾಗ "ಲೋಟ ಇಡೋಕೆ ಈ ಕಡೆ ಬನ್ನಿ" ಎನ್ನಬೇಕು. ಒಂದೊಂದು ಸಂಬಂಧಕ್ಕೆ ಒಂದೊಂದು ಮಾತು. ಊರಿನ ಅರ್ಧ ಗೋಡೆಗಳ ಮೇಲೆ ನಾನು ಹತ್ತಿರ ಮಾಡಿದವರೇ ತೂಗುಬಿದ್ದಿದ್ದಾರೆ. ಹೀಗಾಗಿ ನನಗೆ ಸ್ವಲ್ಪ ಜಂಬವೂ ಇತ್ತು. ಇಷ್ಟಾಗಿಯೂ, ಮದುವೆಯ ವಯಸ್ಸು ದಾಟಿದ ಮೇಲೂ ಬೇರೆಯವರ ಮದುವೆಯ ಫೋಟೋ ತೆಗೆದುಕೊಂಡೇ ಇದ್ದೆ.

ನೀಲಾಂಬಿಕೆ ನಮ್ಮೂರ ಬಸ್ಸಿಗೆ ಕಂಡಕ್ಟರಾಗಿ ಬಂದ ದಿನದಿಂದ ನಾನು ದಿನಾ ಬೆಳಿಗ್ಗೆ ಕೆಲಸವಿಲ್ಲದೆ ಬಸ್ಸು ಹತ್ತಿ, ಕೊನೆಯ ಸ್ಟಾಪಿನವರೆಗೂ ಹೋಗಿ, ಕೆಲಸವಿಲ್ಲದೆ ವಾಪಸು ಬರತೊಡಗಿದೆ. ಖಾಕಿ ಅಂಗಿ, ಹೆಗಲಿಗೆ ಚೀಲ, ಕೊರಳಲ್ಲಿ ಸೀಟಿ, ಎಣ್ಣೆ ಹಚ್ಚಿ ಬಿಗಿದ ಜಡೆ. ಅವಳು ಬಾಗಿಲಲ್ಲಿ ನಿಂತು, "ಒತ್ಕೊಳ್ರೀ!" ಎಂದು ಒಮ್ಮೆ ಕೂಗಿದರೆ ಸಾಕು, ಜಾತಿ ಬಿಟ್ಟು, ಜಗಳ ಬಿಟ್ಟು, ಕೋಳಿಬುಟ್ಟಿ ಸಮೇತ ಜನ ಒಬ್ಬರಿಗೊಬ್ಬರು ಅಂಟಿಕೊಳ್ಳುತ್ತಿದ್ದರು. ಅಂಥ ಮಾತು ಊರಿನಲ್ಲಿ ಇನ್ಯಾರ ಬಾಯಲ್ಲೂ ಇರಲಿಲ್ಲ. ಅವಳು ಮಾತ್ರ "ಟಿಕೆಟ್, ಟಿಕೆಟ್" ಎನ್ನುತ್ತ ಎಲ್ಲರಿಂದಲೂ ಒಂದು ಕೈ ದೂರದಲ್ಲಿ ಮೀನಿನ ಹಾಗೆ ಜಾರಿಕೊಂಡು ಹೋಗುತ್ತಿದ್ದಳು. ಟಿಕೆಟ್ ಎಂಬ ಮಾತಿನ ಅಳತೆಯೇ ಅಷ್ಟು.

ಬಸ್ಸು ನಿಂತು ಅವಳು ಕಟ್ಟೆಯ ಮೇಲೆ ಬುತ್ತಿ ಬಿಚ್ಚುವ ಹೊತ್ತಿಗೆ ನನ್ನ ಪ್ರಯೋಗಗಳು ಶುರುವಾಗುತ್ತಿದ್ದವು. ಮೊದಲ ದಿನ ಮರ್ಯಾದೆಯಿಂದಿರಲಿ ಎಂದು, "ತಮ್ಮ ಸಮೀಪಕ್ಕೆ ಬರಬಹುದೇ?" ಎಂದೆ. ಗಕ್ಕನೆ ಮೇಜಿನಳತೆಯಲ್ಲಿ ನಿಂತೆ. "ಯಾವ ಆಫೀಸಿಂದ ಬಂದಿದ್ದೀರಿ?" ಎಂದಳು. ಇನ್ನೊಂದು ದಿನ ಧೈರ್ಯ ಮಾಡಿ, "ತಮ್ಮ ಸನ್ನಿಧಿಗೆ" ಎಂದೆ. ಅದು ದೇವರಿಗೂ ಸ್ವಾಮಿಗಳಿಗೂ ಆಡುವ ಮಾತು. ನನ್ನ ಮಂಡಿ ತಾನಾಗಿ ಮಡಚಿಕೊಂಡು, ಕಟ್ಟೆಯಿಂದ ಬಹುದೂರದಲ್ಲಿ, ಕೊಟ್ಟಿಗೆಯ ಮುಂದೆ ಕೈಮುಗಿದು ಕೂತುಬಿಟ್ಟೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಅಜ್ಜಿ ನನ್ನ ಮುಂದೆ ಬಾಳೆಹಣ್ಣು ಇಟ್ಟು ಹೋದರು. ಪಕ್ಕ ಎಂದು ಹೇಳೋಣವೆಂದರೆ ನಾಲಿಗೆ ಏಳಲಿಲ್ಲ. ಮಗ್ಗುಲು ಎಂದರೆ ಕಪಾಳಕ್ಕೆ ಬೀಳುತ್ತಿತ್ತು. ಕೊನೆಗೆ ಒಂದು ವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿ, ಕ್ರಾಪು ಬಾಚಿ ಹೋಗಿ, "ನಿಮ್ಮ ಬಳಿ ಸಾರಲೇ?" ಎಂದೆ.

"ಯಾವ ಸಾರು?" ಎಂದಳು ನೀಲಾಂಬಿಕೆ, ಬುತ್ತಿಯ ಮುಚ್ಚಳ ತೆಗೆಯುತ್ತ. "ನನ್ನತ್ರ ಇರೋದು ಮಸ್ಸೊಪ್ಪಿನ ಸಾರು. ಬೇಕಾದ್ರೆ ಲೋಟ ತನ್ನಿ."

ಕಟ್ಟೆಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಹೆಜ್ಜೆ ಮುಂದಿಟ್ಟರೆ ನೆಲ ಹಿಂದಕ್ಕೆ ಸರಿಯಿತು. ಅವಳೂ ನಕ್ಕಳು, ಆದರೆ ನಗು ನಿಂತ ಮೇಲೆ ನನ್ನನ್ನು ನೋಡಿ, "ಫೋಟೋದವ್ರೇ, ಬೇಜಾರು ಮಾಡ್ಕೋಬೇಡಿ. ನೀವು ಆಡೋದೆಲ್ಲ ಬೇರೆಯವರ ಬಾಯಲ್ಲಿ ಕೇಳಿದ ಮಾತು. ಅದರಲ್ಲಿ ನೀವೆಲ್ಲಿದ್ದೀರಿ?" ಎಂದಳು. ಅಂದು ರಾತ್ರಿ ಊಟ ಸೇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಊಟ ಮಾಡಿದೆ, ರುಚಿ ತಿಳಿಯಲಿಲ್ಲ.

ಹೀಗಿರುವಾಗ ನಳಿನಿಯ ಮದುವೆ ಗೊತ್ತಾಯಿತು. ನಳಿನಿ ಯಾರೆಂದರೆ ಪಂಕಜಮ್ಮನ ಮಗಳು. ಪಂಕಜಮ್ಮ ಯಾರೆಂದರೆ ಅಂಬುಜಮ್ಮನ ತಂಗಿ. ಮೂರು ಹೆಸರಿಗೂ ಅರ್ಥ ತಾವರೆಯೇ; ಒಂದೇ ಕೊಳದಲ್ಲಿ ಅರಳಿದ್ದವು. ಅಕ್ಕತಂಗಿಯರು ಸೇರಿ ತಿಂಡಿ ಅಂಗಡಿ ನಡೆಸುತ್ತಿದ್ದ ಕಾಲವೊಂದಿತ್ತು. ಆ ಅಂಗಡಿಗೊಂದು ಹೊಸ ಕಟ್ಟಡ ಕಟ್ಟಿಸಿದರು. ಪೂಜೆಯ ದಿನ ಅಂಬುಜಮ್ಮ ಹೊಸ ರೇಷ್ಮೆ ಸೀರೆಯುಟ್ಟು, ಅರಿಸಿನ ಕುಂಕುಮದ ತಟ್ಟೆ ಹಿಡಿದು, ತುಸು ತಡವಾಗಿ ಬಂದರು. ನೆರೆದ ಜನರ ಮುಂದೆ ಪಂಕಜಮ್ಮ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದುನಿಂತು, "ಸಮೀಪಕ್ಕೆ ಬನ್ನಿ" ಎಂದುಬಿಟ್ಟರು. ಒಡಹುಟ್ಟಿದವಳಿಗೆ ಸಮೀಪ! ಅದರ ಮೇಲೊಂದು ಬನ್ನಿ! ಅಂಬುಜಮ್ಮ ಗುಮಾಸ್ತನ ಮುಂದೆ ನಿಂತವರಂತೆ ದೂರದಲ್ಲೇ ಗಕ್ಕನೆ ನಿಂತರು. ತಟ್ಟೆ ಚಾಚಿದರು, ತಂಗಿಯ ಹಣೆ ಎಟುಕಲಿಲ್ಲ. ತಟ್ಟೆಯನ್ನು ನೆಲದ ಮೇಲಿಟ್ಟು, ಬಂದ ದಾರಿಯಲ್ಲೇ ತಿರುಗಿ ಹೋದರು.

ಆಮೇಲೆ ಅವರು ಎದುರುಬದುರಾಗಿ ಎರಡು ಅಂಗಡಿ ಮಾಡಿಕೊಂಡರು. ಅಕ್ಕನದು ಖಾರ, ತಂಗಿಯದು ಸಿಹಿ. ಮೈಸೂರುಪಾಕು ತಿಂದವರಿಗೆ ಚಕ್ಕುಲಿ ಬೇಕಾದರೆ ರಸ್ತೆ ದಾಟಬೇಕು. ಆಗಿನ್ನೂ ಹಾಲುಹಲ್ಲು ಬೀಳುತ್ತಿದ್ದ ನಳಿನಿ ದಿನವಿಡೀ ರಸ್ತೆ ದಾಟುತ್ತಲೇ ಬೆಳೆದಳು. ಮಕ್ಕಳಿಲ್ಲದ ದೊಡ್ಡಮ್ಮ ಅವಳಿಗೆ ಜಡೆ ಹಾಕುತ್ತಿದ್ದರು, ಅಮ್ಮ ಹೂ ಮುಡಿಸುತ್ತಿದ್ದರು, ಎರಡಕ್ಕೂ ನಡುವೆ ಒಂದು ರಸ್ತೆ. ಅಕ್ಕತಂಗಿಯರು ಮಾತ್ರ ಒಂದೇ ಒಂದು ಮಾತೂ ಆಡಲಿಲ್ಲ, ಆಡದೆ ಹತ್ತಿರವಾಗುವುದು ನಮ್ಮೂರಿನಲ್ಲಿ ಸಾಧ್ಯವೂ ಇರಲಿಲ್ಲ.

ನಳಿನಿ ಸ್ಟುಡಿಯೋಗೆ ಬಂದು, "ಧರಣಿ ಮಾಮ, ನನ್ನ ಮದುವೇಲಿ ನೀವು ಎಷ್ಟು ಫೋಟೋ ತೆಗೀತೀರೋ ನನಗೆ ಬೇಕಿಲ್ಲ. ಒಂದು ತೆಗೀರಿ, ಸಾಕು. ಅಮ್ಮ, ದೊಡ್ಡಮ್ಮ ಅಕ್ಕಪಕ್ಕ ನಿಂತಿರಬೇಕು. ಮಧ್ಯೆ ಗಾಳಿ ಆಡಬಾರದು. ನಾನು ಮುಂದೆ ಕೂತಿರ್ತೀನಿ," ಎಂದಳು.

"ಅದಕ್ಕೇನಮ್ಮ, ನನ್ನ ಕಸುಬೇ ಅದಲ್ವಾ?" ಎಂದೆ. ಜಂಬ ಅಂದೆನಲ್ಲ.

"ಆ ಫೋಟೋ ಆಗದೆ ನಾನು ಗಂಡನ ಮನೆಗೆ ಹೊರಡಲ್ಲ. ಅವರಿಗೂ ಹೇಳಿದ್ದೀನಿ."

ಹುಡುಗಿ ಹೇಳಿದಂತೆ ಮಾಡುವವಳು.

ಮದುವೆಯ ದಿನ ಗಂಡಿನವರನ್ನು ಕರೆತಂದದ್ದು ನಮ್ಮೂರ ಬಸ್ಸೇ, ಜೊತೆಗೆ ನೀಲಾಂಬಿಕೆ. ವರನ ಹೆಸರು ವಾಮನ, ಆಳು ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ನಳಿನಿ ಅವನಿಗೆ ಊರಿನ ರೀತಿಯನ್ನು ಮೊದಲೇ ಕಲಿಸಿದ್ದಳು. ಅವನು ತನ್ನ ಕಡೆಯವರಿಗೆ ಹೇಳಿದ್ದನಂತೆ, ಅವರು ತಮಾಷೆ ಎಂದುಕೊಂಡಿದ್ದರಂತೆ. ಛತ್ರದ ಅಂಗಳದಲ್ಲಿ ಆಗ ನೋಡಬೇಕಿತ್ತು! ಬೀಗರೆಲ್ಲ ಒಬ್ಬರನ್ನೊಬ್ಬರು ನೋಡಿ ಮುಗುಳ್ನಗುತ್ತ ಇದ್ದಲ್ಲೇ ನಡೆಯುತ್ತಿದ್ದಾರೆ. ವರನ ಸೋದರಮಾವ ಪುರುಷೋತ್ತಮಯ್ಯ ಎಂಬ ಭಾರಿ ಆಸಾಮಿ ಪಾನಕದ ಲೋಟ ಹಿಡಿದು ನಿಂತ ನಮ್ಮ ಹುಡುಗಿಯ ಕಡೆಗೆ ಏದುಸಿರು ಬಿಡುತ್ತ ನಡೆದರು, ಓಡಿದರು, ಕೊನೆಗೆ ಪಂಚೆ ಎತ್ತಿ ಕಟ್ಟಿಕೊಂಡು ನೆಗೆದರು. ಲೋಟ ಅಲ್ಲೇ ಇತ್ತು. "ಹತ್ತಿರ ಬರ್ತೀನಿ ಅನ್ನಿ ಮಾವಾ!" ಎಂದು ವಾಮನ ಕೂಗಿದ. "ಬರ್ತಾ ಇರೋದು ಕಾಣಲ್ವೇನೋ, ಬೇರೆ ಹೇಳ್ಬೇಕಾ?" ಎಂದು ಅವರು ಗುಡುಗಿದರು. ಬಾಯಾರಿ ನಾಲಿಗೆ ಒಣಗಿದ ಮೇಲೆ ಹೇಳಿದರು. ಪಾನಕ ಸಿಕ್ಕಿತು. ಇದನ್ನೆಲ್ಲ ನೋಡುತ್ತ ಮುಂದಿನ ಕುರ್ಚಿಯಲ್ಲಿ ಕೂತಿದ್ದವರು ವರನ ತಾತ. ಅವರಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ. ಅವರು ಎಲ್ಲರನ್ನೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಊಟಕ್ಕೆ ಎಲೆ ಹಾಕಿದ್ರಾ?"

ತಾಳಿ ಕಟ್ಟಿದ್ದಾಯಿತು. ಊಟಕ್ಕೆ ಮೊದಲು ಫೋಟೋ. ನಳಿನಿ ವೇದಿಕೆಯ ಮೇಲೆ ಮಣೆ ಹಾಕಿ ಕೂತಳು. ಪಂಕಜಮ್ಮ ಎಡಗಡೆಯಿಂದ ಹತ್ತಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಅಂಬುಜಮ್ಮನನ್ನು ನಳಿನಿ "ದೊಡ್ಡಮ್ಮಾ" ಎಂದು ಕರೆದದ್ದಕ್ಕೆ ಬಲಗಡೆಯಿಂದ ಹತ್ತಿದರು. ಇಬ್ಬರೂ ಮುಖ ಆಚೀಚೆ ಮಾಡಿ ನಿಂತರು. ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ.

ನಾನು ಕ್ಯಾಮೆರಾ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, "ಅಮ್ಮಾ, ಇಬ್ಬರೂ ಹತ್ತಿರ ಬನ್ನಿ," ಎಂದೆ. ಇಬ್ಬರೂ ಕಾಲು ಎತ್ತಿಟ್ಟರು, ಕಾಲು ಇದ್ದಲ್ಲೇ ಇಳಿಯಿತು. ಜರುಗಿ ಎಂದೆ, ಹೆಗಲು ತಾಗಲಿ ಎಂದೆ, ಪಕ್ಕ ಎಂದೆ, ಜೋಡಿ ಎಂದೆ, ಒತ್ತಟ್ಟಿಗೆ ಎಂದೆ. ಕಾಫಿ ತರಿಸಿದೆ. ಅವರು ಕಾಫಿ ಕುಡಿದು ಲೋಟವನ್ನು ತಮ್ಮ ತಮ್ಮ ಬದಿಯ ಕಂಬದ ಬುಡದಲ್ಲಿಟ್ಟರು. ಪುರೋಹಿತರು ಸಹಾಯಕ್ಕೆ ಬಂದು, ಗಂಭೀರವಾಗಿ, "ಸಾಮೀಪ್ಯಂ!" ಎಂದರು. ಆ ಮಾತಿನಲ್ಲಿ ಹಳೆಯ ಸಮೀಪದ ವಾಸನೆ ಬಡಿದದ್ದೇ ಅಂಬುಜಮ್ಮನ ಮುಖ ಕೆಂಪಾಗಿ, ಅವರು ಇನ್ನೂ ಎರಡು ಹೆಜ್ಜೆ ಆಚೆ ಹೋದರು. ಪುರುಷೋತ್ತಮಯ್ಯ, "ಎಂಥ ಊರಪ್ಪ ಇದು, ನಾನು ತಳ್ತೀನಿ ಬಿಡಿ," ಎಂದು ಪಂಕಜಮ್ಮನ ಹಿಂದಿನಿಂದ ಕೈ ಚಾಚಿಕೊಂಡು ಬಂದು ಮತ್ತೆ ಇದ್ದಲ್ಲೇ ನಡೆಯತೊಡಗಿದರು. ಓಲಗದವರು ಹುರುಪು ಬರಲಿ ಎಂದು ಜೋರಾಗಿ ಊದಿದರು. ಅಡುಗೆಯ ಭಟ್ಟರು ಸೌಟು ಹಿಡಿದು ಬಂದು, "ಪಾಯಸ ಗಟ್ಟಿಯಾಗ್ತಿದೆ," ಎಂದರು.

"ಧರಣಪ್ಪ," ಎಂದರು ಅಂಬುಜಮ್ಮ, ದನಿ ತಗ್ಗಿಸಿ. "ಸುಮ್ನೆ ಯಾಕೆ ಒದ್ದಾಡ್ತೀಯ? ಎರಡು ಫೋಟೋ ತೆಗಿ. ಅಂಟಿಸ್ಕೊಡು."

"ಅಂಟಿಸಿದ್ದು ನನಗೆ ಬೇಡ," ಎಂದಳು ನಳಿನಿ. ಅಳಲಿಲ್ಲ. ಮಣೆಯಿಂದ ಇಳಿದು, ರೇಷ್ಮೆ ಸೀರೆಯಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. "ನಾನು ಇಲ್ಲೇ ಇರ್ತೀನಿ." ವಾಮನ ಒಂದು ಗಳಿಗೆ ಯೋಚಿಸಿ, "ನಿನ್ನ ಪಕ್ಕ," ಎಂದು ಹೇಳಿ ಅವಳ ಪಕ್ಕ ಕೂತ. ಆ ಪಕ್ಕ ಎಷ್ಟು ಸಲೀಸಾಗಿ ಬಂತು ಅವನ ಬಾಯಿಂದ! ಗಂಡಿನ ಕಡೆಯವರ ನಡುವೆ ಗುಸುಗುಸು ಎದ್ದಿತು. ವರನ ತಾಯಿ ಕಣ್ಣೊರೆಸಿಕೊಂಡರು. ಮದುವೆಯಾದ ಹುಡುಗಿ ಮಂಟಪದಲ್ಲೇ ಉಳಿದರೆ ಯಾರಿಗೆ ತಾನೇ ಚೆನ್ನ? ನನ್ನ ಜಂಬ ಬೆವರಾಗಿ ಬೆನ್ನಿನ ಮೇಲೆ ಇಳಿಯುತ್ತಿತ್ತು. ಊರಿನ ಎಲ್ಲ ಮಾತೂ ಮುಗಿದಿತ್ತು, ನನ್ನ ಹತ್ತಿರ ಇನ್ನೊಂದು ಇರಲಿಲ್ಲ.

ಅಷ್ಟರಲ್ಲಿ ಹೊರಗಿನಿಂದ ನೀಲಾಂಬಿಕೆ ಬಂದಳು. "ಏನ್ರೀ ಇದು? ಡ್ರೈವರ್ ಹಾರನ್ ಹೊಡ್ದೂ ಹೊಡ್ದೂ ಬ್ಯಾಟರಿ ಇಳೀತು. ಹೊರಡೋದು ಯಾವಾಗ?" ಎಂದವಳು ವೇದಿಕೆ ನೋಡಿದಳು, ನೆಲದ ಮೇಲೆ ಕೂತ ಮದುವಣಗಿತ್ತಿಯನ್ನು ನೋಡಿದಳು, ಎರಡು ಕಡೆ ಎರಡು ಕಂಬದಂತೆ ನಿಂತ ಅಕ್ಕತಂಗಿಯರನ್ನು ನೋಡಿದಳು. ಆಮೇಲೆ ನನ್ನನ್ನು. "ಎಲ್ಲಾ ಹೇಳಿ ನೋಡಿದ್ರಾ?"

"ಎಲ್ಲಾ."

"ನಂದು?"

"ಅದು ಬಸ್ಸಿನ ಮಾತು. ಛತ್ರದಲ್ಲಿ ನಡೆಯುತ್ತಾ?"

"ನಂಗೇನ್ರೀ ಗೊತ್ತು? ಹೊರಗಡೆ ಯಾವತ್ತೂ ಹೇಳಿಲ್ಲ," ಎಂದು ಅವಳು ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ ನಿಂತಳು. ಸೀಟಿ ಊದಿದಳು. ಓಲಗ ನಿಂತಿತು. "ಒತ್ಕೊಳ್ರೀ! ಒತ್ಕೊಳ್ರೀ! ಒಳಗೆ ನಡೀರಿ! ಅಜ್ಜೀ, ಗಂಟು ಕಾಲ್ಕೆಳಗೆ ಇಟ್ಕೊಳ್ಳಿ! ಅಂಟ್ಕೊಂಡ್ರೆ ಯಾರೂ ಕರಗಿ ಹೋಗಲ್ಲ, ಒತ್ಕೊಳ್ರೀ!"

ಮೊದಲು ಏನೂ ಆಗಲಿಲ್ಲ. ಆಮೇಲೆ ಕುರ್ಚಿಗಳು ಕಿರುಗುಟ್ಟಿದವು. ಹಿಂದಿನ ಸಾಲಿನವರು ಎದ್ದು ಮುಂದಿನವರ ಮೇಲೆ ಬಂದರು, ಮುಂದಿನವರು ವೇದಿಕೆ ಹತ್ತಿದರು. ಪುರೋಹಿತರು ಪಂಚಪಾತ್ರೆ ಸಮೇತ ಬಂದರು. ಓಲಗದವರು ವಾದ್ಯಗಳನ್ನು ತಲೆಯ ಮೇಲೆ ಎತ್ತಿ ಹಿಡಿದು ಬಂದರು. ಎಲೆ ಒರೆಸುತ್ತಿದ್ದವರು ಬಟ್ಟೆ ಸಮೇತ, ಭಟ್ಟರು ಸೌಟು ಸಮೇತ, ಹೂವಿನವಳು ಬುಟ್ಟಿ ಸಮೇತ. ಬೆಳಗಿನಿಂದ ನಡೆದು ದಣಿದಿದ್ದ ಪುರುಷೋತ್ತಮಯ್ಯ ಒಂದೇ ಒಂದು ಹೆಜ್ಜೆ ಹಾಕಿದರು, ರೊಯ್ಯನೆ ಬಂದು ಎಲ್ಲರ ನಡುವೆ ಬೆಣೆಯಂತೆ ಕೂತುಬಿಟ್ಟರು. ನಾನು ಕ್ಯಾಮೆರಾ ಹಿಡಿದುಕೊಳ್ಳಲು ನೋಡಿದೆ, ಕೈ ಜಾರಿತು, ಕ್ಯಾಮೆರಾ ತನ್ನ ಮೂರು ಕಾಲಿನ ಮೇಲೆ ಅಲ್ಲೇ ಉಳಿಯಿತು, ನಾನು ಬೆನ್ನು ಹಿಂದಾಗಿ ತೇಲಿ ಹೋಗಿ ಭಟ್ಟರ ಹೊಟ್ಟೆಗೂ ಪುರುಷೋತ್ತಮಯ್ಯನವರ ಬೆನ್ನಿಗೂ ನಡುವೆ ಸಿಕ್ಕಿಕೊಂಡೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಮದುವೆ ಒಂದು ಉಂಡೆಯಾಗಿ ವೇದಿಕೆಯ ಮೇಲಿತ್ತು. ನಡುಮಧ್ಯದಲ್ಲಿ ಮಾವಿನ ಗೊರಟೆಯ ಹಾಗೆ ಅಂಬುಜಮ್ಮ, ಪಂಕಜಮ್ಮ. ಮೂಗಿಗೆ ಮೂಗು.

ಎಲ್ಲರೂ ಉಸಿರು ಹಿಡಿದೆವು. ಬಿಡಲು ಜಾಗವೂ ಇರಲಿಲ್ಲ.

"ಕಾಲು ತುಳೀತಿದ್ದೀಯ," ಎಂದರು ಪಂಕಜಮ್ಮ.

"ಇಡೋಕೆ ಬೇರೆ ಜಾಗ ಎಲ್ಲಿದೆ?" ಎಂದರು ಅಂಬುಜಮ್ಮ. ಮತ್ತೆ ಇಷ್ಟು ವರ್ಷ ಹಲ್ಲಿನ ಹಿಂದೆ ಹಿಡಿದಿದ್ದನ್ನು ಒಂದೇ ಬಾರಿಗೆ ಬಿಟ್ಟರು. "ಸಮೀಪ ಅಂದ್ಯಲ್ಲೇ ನನಗೆ! ನಿನ್ನ ಮೂಗು ಒರೆಸಿದ ಕೈ ಕಣೇ ಇದು! ಅಷ್ಟು ಜನದ ಮುಂದೆ ಸಮೀಪ ಅಂದ್ಯಲ್ಲೇ!"

"ಗೌರವಕ್ಕೆ ಅಂದೆ!" ಪಂಕಜಮ್ಮನ ದನಿ ಛಾವಣಿಗೆ ಹೋಯಿತು. "ಹೊಸ ಸೀರೆ ಉಟ್ಕೊಂಡು ಮಹಾರಾಣಿ ಹಾಗೆ ಬಂದೆ. ಇವಳಿಗೆ ಬಾರೇ ಹೋಗೇ ಅಂದ್ರೆ ಜನ ಏನಂದಾರು ಅಂತ, ನನಗೆ ಗೊತ್ತಿದ್ದದ್ರಲ್ಲೇ ದೊಡ್ಡ ಮಾತು ತೆಗೆದು ಅಂದೆ! ಅದು ಆಫೀಸಿನ ಮಾತು ಅಂತ ನನಗೇನು ಗೊತ್ತು? ನಾನು ಯಾವ ಆಫೀಸಿಗೆ ಹೋಗಿದ್ದೆ?"

"ಗೌರವ ಯಾರಿಗೆ ಬೇಕಿತ್ತೇ, ಕತ್ತೆ?"

"ಕತ್ತೆ ನೀನು! ಒಂದು ಮಾತು ಕೇಳಿದ್ರೆ ಹೇಳ್ತಿರಲಿಲ್ವಾ?"

"ನೀನು ರಸ್ತೆ ದಾಟಿ ಬಂದಿದ್ರೆ ಕೇಳ್ತಿರಲಿಲ್ವಾ?"

"ಏನಂದ್ಕೊಂಡು ಬರ್ಲಿ? ಮತ್ತೆ ಯಾವ ಮಾತು ತಪ್ಪಾಗುತ್ತೋ ಅಂತ ಹೆದರಿಕೆ ಆಗಲ್ವಾ ಮನುಷ್ಯರಿಗೆ?"

ಅಂಬುಜಮ್ಮ ಬಿಡಿಸಿಕೊಂಡ ಒಂದು ಕೈಯಿಂದ ತಂಗಿಯ ತಲೆಗೆ ಫಟ್ ಎಂದು ಒಂದು ಕೊಟ್ಟು, ಅದೇ ಕೈಯಿಂದ ಕೆದರಿದ ಕೂದಲನ್ನು ಹಿಂದಕ್ಕೆ ಸವರಿದರು. ಜಗಳ ನಿಂತಿತೆಂದುಕೊಂಡಿರಾ? ಆಗ ಶುರುವಾಯಿತು. ಚಕ್ಕುಲಿಗೆ ಎಳ್ಳು ಹೆಚ್ಚು ಹಾಕುವುದು, ಮೈಸೂರುಪಾಕಿಗೆ ತುಪ್ಪ ಕಡಿಮೆ ಹಾಕುವುದು, ನಳಿನಿಯ ಜಡೆ ಬಿಗಿಯಾದದ್ದು, ಹೂ ಸಡಿಲವಾದದ್ದು, ವರ್ಷಗಟ್ಟಲೆ ರಸ್ತೆಯಾಚೆಯಿಂದ ನೋಡಿ ನೋಡಿ ಕೂಡಿಟ್ಟಿದ್ದೆಲ್ಲ ಹೊರಬಂತು. ಇಬ್ಬರ ಕಣ್ಣಲ್ಲೂ ಧಾರಾಕಾರ ನೀರು, ಇಬ್ಬರ ಬಾಯಲ್ಲೂ ಬೈಗುಳ, ಇಬ್ಬರ ಕೈಯೂ ಇನ್ನೊಬ್ಬರ ಸೆರಗಿನಲ್ಲಿ. ಅವರ ಕಾಲಡಿಯಲ್ಲಿ ನಳಿನಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ವಾಮನನ ಪೇಟ ಜಾರಿ ಗಲ್ಲಕ್ಕೆ ಬಂದಿತ್ತು. ನಗು ಒಬ್ಬರ ಹೊಟ್ಟೆಯಿಂದ ಇನ್ನೊಬ್ಬರ ಬೆನ್ನಿಗೆ ದಾಟಿ ಉಂಡೆಗೆ ಉಂಡೆಯೇ ಕುಲುಕತೊಡಗಿತು. ಪುರುಷೋತ್ತಮಯ್ಯನವರೂ ನಗುತ್ತಿದ್ದರು, ನನ್ನ ಪಕ್ಕೆಲುಬಿಗೆ ಗೊತ್ತಾಯಿತು.

"ಮಾಮಾ, ಫೋಟೋ!" ಎಂದಳು ನಳಿನಿ.

ತೆಗೆಯುವವನು ನಾನು, ಇರುವುದು ಉಂಡೆಯೊಳಗೆ. ಕ್ಯಾಮೆರಾದ ಹತ್ತಿರ ಉಳಿದವರು ಒಬ್ಬರೇ. ವರನ ತಾತ. ಕಂಡಕ್ಟರಳ ಕೂಗು ಕಿವಿಗೆ ಬೀಳದೆ ಅವರು ತಮ್ಮ ಕುರ್ಚಿಯಲ್ಲೇ ಕೂತು, ಎಲ್ಲರೂ ಯಾಕೆ ಹೀಗೆ ಗುಡ್ಡೆಯಾದರು ಎಂದು ಕುತೂಹಲದಿಂದ ನೋಡುತ್ತಿದ್ದರು. "ತಾತಾ, ಗುಂಡಿ ಒತ್ತಿ!" ಎಂದು ನೂರು ಬಾಯಿ ಕೂಗಿತು. "ಎಲೆ ಹಾಕಿದ್ರಾ?" ಎಂದರು ತಾತ. ಕೈ ಯಾರಿಗೂ ಖಾಲಿಯಿಲ್ಲ. ಹುಬ್ಬು ಕುಣಿಸಿದೆವು, ಗದ್ದ ಮುಂದೆ ಮಾಡಿದೆವು, ಭಟ್ಟರು ತಲೆಯ ಮೇಲಿನ ಸೌಟನ್ನೇ ಬಗ್ಗಿಸಿ ಕ್ಯಾಮೆರಾ ತೋರಿಸಿದರು. ತಾತ ಎದ್ದರು. ಕ್ಯಾಮೆರಾಗೆ ಒಂದು ಸುತ್ತು ಬಂದರು. ಒಂದೊಂದೇ ಗುಂಡಿ ಮುಟ್ಟಿ ನಮ್ಮ ಮುಖ ನೋಡಿದರು. ಸರಿಯಾದದ್ದನ್ನು ಮುಟ್ಟಿದಾಗ ನಾವೆಲ್ಲ ಹೋ ಎಂದೆವು, ಅದು ಅವರಿಗೆ ಕಂಡಿತು, ಒತ್ತಿದರು. ಬೆಳಕು ಝಗ್ಗೆಂದಿತು. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ ಆಮೇಲೆ ಒತ್ತುತ್ತಲೇ ಇದ್ದರು.

ಆ ಝಗಝಗಿಸುವ ಬೆಳಕಿನಲ್ಲಿ ನಾನು ನೀಲಾಂಬಿಕೆಯನ್ನು ನೋಡಿದೆ. ಅವಳು ಇನ್ನೂ ಬಾಗಿಲ ಬಳಿ ಕುರ್ಚಿಯ ಮೇಲೇ ನಿಂತಿದ್ದಳು. ಇಡೀ ಛತ್ರ ಖಾಲಿ, ಅವಳೊಬ್ಬಳು. ಅವಳು ಕೂಗಿದ ಮಾತಿಗೆ ಊರೆಲ್ಲ ಅಂಟಿಕೊಂಡಿತ್ತು, ಆ ಮಾತು ಅವಳನ್ನು ಮಾತ್ರ ಹೊರಗಿಟ್ಟಿತ್ತು. ನಗುತ್ತಿದ್ದಳು, ಜಾತ್ರೆ ಮುಗಿದ ಮೇಲೆ ಬಾಗಿಲು ಹಾಕುವವರ ಹಾಗೆ. ದಿನಾ ಬಸ್ಸಿನಲ್ಲಿ ಆಗುವುದೂ ಇದೇ ಅಲ್ಲವೇ, ನಾನು ದಿನಾ ಕೂತು ನೋಡಿಯೂ ನೋಡಿರಲಿಲ್ಲ. ನಾನು ಅವಳ ಹತ್ತಿರ ಹೋಗುವುದನ್ನೇ ಹಗಲಿರುಳು ಯೋಚಿಸಿದ್ದೆ. ಅವಳು ಎಲ್ಲಿಗೆ ಬರಬಹುದು ಎಂದು ಯೋಚಿಸಿರಲಿಲ್ಲ.

ನಾನು ಹೊಟ್ಟೆ ಒಳಗೆಳೆದುಕೊಂಡೆ. ಭಟ್ಟರನ್ನು ಮೊಣಕೈಯಿಂದ ಅತ್ತ ತಳ್ಳಿದೆ, ಪುರುಷೋತ್ತಮಯ್ಯನವರನ್ನು ಇತ್ತ. "ಅಯ್ಯೋ, ಪಕ್ಕೆ ಹೋಯ್ತು!" ಎಂದರು ಭಟ್ಟರು. ಒಬ್ಬರು ಅಡ್ಡಡ್ಡವಾಗಿ ನಿಲ್ಲಬಹುದಾದಷ್ಟು ಸಂದಿಯಾಯಿತು. "ಇಲ್ಲಿ ಜಾಗ ಇದೆ," ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು.

"ಏನಂದ್ರಿ?" ಎಂದಳು ಅವಳು.

"ಜಾಗ ಇದೆ ಅಂದೆ. ಇಲ್ಲಿ. ಸ್ವಲ್ಪ ಇಕ್ಕಟ್ಟು."

"ನನಗಾ?"

"ನಿಮಗೇ."

ನಗು ಅವಳ ಮುಖದಿಂದ ಹೋಯಿತು. "ಇಷ್ಟು ವರ್ಷ ಬಸ್ಸಲ್ಲಿದ್ದೀನಿ," ಎಂದಳು, "ಕಂಡಕ್ಟರಿಗೆ ಜಾಗ ಬಿಟ್ಟೋರನ್ನ ನೋಡಿರಲಿಲ್ಲ ಕಣ್ರೀ." ಚೀಲವನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಿ ಕೆಳಗಿಳಿದಳು. ಇದ್ದಲ್ಲೇ ನಡೆಯುತ್ತಾಳೇನೋ ಎಂದು ನನ್ನ ಜೀವ ಹೊಡೆದುಕೊಂಡಿತು. ಇಲ್ಲ, ಬರುತ್ತಿದ್ದಳು. ಹೆಜ್ಜೆಗೊಂದು ಹೆಜ್ಜೆಯಷ್ಟು ದೂರ ಕಡಿಮೆಯಾಗುತ್ತಿತ್ತು. ಮೆಟ್ಟಿಲು ಹತ್ತಿ, ತಲೆ ತಗ್ಗಿಸಿ, ಭಟ್ಟರ ಸೌಟಿನ ಕೆಳಗೆ ನುಸುಳಿ ಬಂದು, ನನ್ನ ಎದುರು, ನನಗೆ ಅಂಟಿ ನಿಂತಳು. ಎಣ್ಣೆಯ ವಾಸನೆ, ಡೀಸೆಲಿನ ವಾಸನೆ, ಎಲ್ಲೋ ಒಂದು ಎಸಳು ಸೇವಂತಿಗೆಯ ವಾಸನೆ. ಅವಳ ಸೀಟಿ ನನ್ನ ಅಂಗಿಯ ಗುಂಡಿಗೆ ತಾಗಿ ಟಿಕ್ ಎಂದಿತು. ಅವಳ ಎದೆ ಹೊಡೆದುಕೊಳ್ಳುತ್ತಿದ್ದುದೋ ನನ್ನದೋ, ಆ ಇಕ್ಕಟ್ಟಿನಲ್ಲಿ ಹೇಳುವುದು ಕಷ್ಟ.

"ಆಯ್ತಲ್ಲ, ಇಳಿಸಮ್ಮಾ ತಾಯಿ!" ಎಂದು ಭಟ್ಟರು ಅಂಗಲಾಚಿದರು. "ಪಾಯಸ ತಳ ಹಿಡೀತಿದೆ!"

ಹೌದು, ಅವಳೇ ಇಳಿಸಬೇಕಿತ್ತು. ಒತ್ಕೊಂಡ ಜನ ಬಿಡಿಯಾಗಬೇಕಾದರೆ ಕಂಡಕ್ಟರ್ ಹೋಲ್ಡಾನ್ ಎನ್ನಬೇಕು. ಇಲ್ಲದಿದ್ದರೆ ಸಂಜೆಯವರೆಗೂ ಹಾಗೇ. ಎಲ್ಲರೂ ಕಾದರು. ಅಕ್ಕತಂಗಿಯರು ಕೂಡ ತುಪ್ಪದ ವಿಷಯವನ್ನು ಅರ್ಧಕ್ಕೆ ಬಿಟ್ಟು ಕಿವಿಗೊಟ್ಟರು. ನೀಲಾಂಬಿಕೆ ಕತ್ತೆತ್ತಿ ನನ್ನ ಮುಖ ನೋಡಿದಳು, ನೋಡಿ, ನನ್ನ ಕಿವಿಗೆ ಮಾತ್ರ ಕೇಳುವಂತೆ, "ಇನ್ನೊಂದು ಸ್ಟಾಪ್ ಹೋಗ್ಲಿ," ಎಂದಳು.

ಆಮೇಲೆ ಛತ್ರದ ಗೋಡೆ ನಡುಗುವಂತೆ, "ರೈಟ್! ರೈಟ್!" ಎಂದು ಕೂಗಿದಳು. ಉಂಡೆಗೆ ಉಂಡೆಯೇ ಒಮ್ಮೆ ಜೋಲಿ ಹೊಡೆದು, ವೇದಿಕೆ ಇಳಿದು, ಓಲಗ ಊದುತ್ತ, ಬೈಯುತ್ತ, ನಗುತ್ತ, ಊಟದ ಮನೆಯ ಕಡೆಗೆ ಹೊರಟಿತು.